ಕರ್ತೃ ಒಂದು ಕಡೆ, ಕ್ರಿಯಾಪದ ಒಂದು ಕಡೆ: ಇಂಗ್ಲಿಷ್ ವಾಕ್ಯದ ದೋಷ ಹುಡುಕುವ ಕೈಪಿಡಿ

ಗಂಗಾವತಿಯಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ಬರುವವರೆಲ್ಲ ಕನ್ನಡ ಮಾಧ್ಯಮದವರು. ರೈಸ್ ಮಿಲ್ಲಿನ ಹಮಾಲರ ಮಕ್ಕಳಿದ್ದಾರೆ, ಕಾಲುವೆ ಕೆಳಗಿನ ಸಣ್ಣ ರೈತರ ಮಕ್ಕಳಿದ್ದಾರೆ, ಹಾಸ್ಟೆಲಿನಲ್ಲಿದ್ದು ಓದುವ ಸಿಂಧನೂರು, ಸಿರುಗುಪ್ಪ ಕಡೆಯವರೂ ಇದ್ದಾರೆ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ದಿನ ತನ್ನ ನೋಟ್‌ಬುಕ್ ತಂದು ಮುಂದಿಟ್ಟಳು. ‘ಮೈ ಫಾದರ್ ಹ್ಯಾವ್ ಟೂ ಸಿಸ್ಟರ್ಸ್’ ಎಂದು ಬರೆದಿದ್ದಳು. ‘ಹ್ಯಾವ್’ ಎಂಬುದರ ಸುತ್ತ ಕೆಂಪು ಶಾಯಿಯ ಗೆರೆ ಇತ್ತು. ಏಕೆ ತಪ್ಪು ಎಂಬುದಕ್ಕೆ ಪಕ್ಕದಲ್ಲಿ ಒಂದು ಅಕ್ಷರವೂ ಇರಲಿಲ್ಲ. ‘ಇದರ ಕನ್ನಡ ಹೇಳವ್ವ’ ಎಂದೆ. ‘ನಮ್ಮ ತಂದೆಯವರಿಗೆ ಇಬ್ಬರು ತಂಗಿಯರಿದ್ದಾರೆ’ ಎಂದಳು. ಸ್ವಲ್ಪ ತಡೆದು, ‘ಇದ್ದಾರೆ ಎಂದರೆ ಬಹುವಚನವಲ್ಲವೇ ಸರ್?’ ಎಂದು ಕೇಳಿದಳು.

ಅವಳ ಕನ್ನಡ ವ್ಯಾಕರಣದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಕನ್ನಡ ವಾಕ್ಯದಲ್ಲಿ ‘ತಂದೆಯವರಿಗೆ’ ಎಂಬುದು ಚತುರ್ಥಿ ವಿಭಕ್ತಿ. ಕ್ರಿಯಾಪದಕ್ಕೆ ಅದರ ಹಂಗಿಲ್ಲ. ‘ಇದ್ದಾರೆ’ ಹೊಂದಿಕೊಂಡಿರುವುದು ತಂಗಿಯರೊಂದಿಗೆ. ಇಂಗ್ಲಿಷ್ ವಾಕ್ಯದಲ್ಲಾದರೋ ತಂದೆಯೇ ಕರ್ತೃ. ಅವರು ಒಬ್ಬರು, ಹಾಗಾಗಿ ‘ಹ್ಯಾಸ್’. ತಂಗಿಯರು ಇಬ್ಬರಿದ್ದರೂ ಇಪ್ಪತ್ತು ಮಂದಿ ಇದ್ದರೂ ಕ್ರಿಯಾಪದ ಅತ್ತ ತಿರುಗಿಯೂ ನೋಡುವುದಿಲ್ಲ.

ಆ ದಿನದಿಂದ ನಾನು ತಿದ್ದುವ ಕ್ರಮವನ್ನೇ ಬದಲಿಸಿಕೊಂಡೆ. ಮಕ್ಕಳು ಬರೆಯುವ ತಪ್ಪು ಇಂಗ್ಲಿಷ್ ವಾಕ್ಯದ ಕೆಳಗೆ ಬಹುತೇಕ ಯಾವಾಗಲೂ ಒಂದು ಸರಿಯಾದ ಕನ್ನಡ ವಾಕ್ಯ ಇರುತ್ತದೆ. ಆ ಕನ್ನಡ ವಾಕ್ಯವನ್ನು ಮೊದಲು ಹೊರಗೆ ತೆಗೆಸಬೇಕು. ಅದು ಕಣ್ಣ ಮುಂದೆ ಬಂದರೆ ದೋಷ ಎಲ್ಲಿ ಕೂತಿದೆ ಎಂಬುದು ತಾನಾಗಿ ಕಾಣುತ್ತದೆ. ತಿದ್ದುವ ಶಿಕ್ಷಕರಿಗೂ ತಾವೇ ಓದಿಕೊಳ್ಳುವ ಮಕ್ಕಳಿಗೂ ಉಪಯೋಗವಾಗಲಿ ಎಂದು ಆ ಹುಡುಕಾಟದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಯಮ ಇಷ್ಟೇ ಇದೆ

ನಮ್ಮ ಕ್ರಿಯಾಪದ ಕರ್ತೃವಿನ ಪುರುಷ, ವಚನ, ಲಿಂಗ ಮೂರನ್ನೂ ಹೊತ್ತುಕೊಂಡು ನಡೆಯುತ್ತದೆ: ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ, ಹೋಗುತ್ತವೆ. ಇಷ್ಟನ್ನು ಐದು ವರ್ಷದ ಕೂಸೂ ತಪ್ಪದೆ ಆಡುತ್ತದೆ. ಇಂಗ್ಲಿಷಿನ ಹೊರೆ ಇದರ ಮುಂದೆ ಏನೂ ಅಲ್ಲ. ವರ್ತಮಾನ ಕಾಲದಲ್ಲಿ ‘ಹಿ’, ‘ಶಿ’, ‘ಇಟ್’ ಅಥವಾ ಅವುಗಳ ಜಾಗದಲ್ಲಿ ನಿಲ್ಲುವ ಏಕವಚನದ ಹೆಸರು ಬಂದರೆ ಕ್ರಿಯಾಪದಕ್ಕೆ ಒಂದು ಎಸ್: ‘ಶಿ ಗೋಸ್’. ಉಳಿದವರೆಲ್ಲರಿಗೂ ‘ಗೋ’. ಭೂತಕಾಲದಲ್ಲಿ ಅದೂ ಇಲ್ಲ, ಎಲ್ಲರಿಗೂ ‘ವೆಂಟ್’. ‘ಕ್ಯಾನ್’, ‘ವಿಲ್’, ‘ಮಸ್ಟ್’ ಮುಂತಾದವು ಯಾರಿಗಾಗಿಯೂ ಬದಲಾಗುವುದಿಲ್ಲ. ‘ಹ್ಯಾವ್’ ಇದ್ದದ್ದು ‘ಹ್ಯಾಸ್’ ಆಗುತ್ತದೆ, ‘ಡು’ ಇದ್ದದ್ದು ‘ಡಸ್’ ಆಗುತ್ತದೆ. ನಿಜವಾಗಿ ನೆನಪಿಡಬೇಕಾದ ಹಟಮಾರಿ ಒಂದೇ: ‘ಆಮ್’, ‘ಈಸ್’, ‘ಆರ್’, ‘ವಾಸ್’, ‘ವರ್’ ಎಂದು ಐದು ವೇಷ ಹಾಕುವ ‘ಬಿ’ ಕ್ರಿಯಾಪದ.

ಇಷ್ಟು ಸಣ್ಣ ನಿಯಮ ಏಕೆ ಕೈಕೊಡುತ್ತದೆ? ಕಲಿಸುವ ಮಾತಿನಲ್ಲೇ ಎರಡು ಎಡವುಗಲ್ಲುಗಳಿವೆ. ಕನ್ನಡ ವ್ಯಾಕರಣದಲ್ಲಿ ಅವನು, ಅವಳು, ಅದು ಪ್ರಥಮ ಪುರುಷ. ನೀನು ಮಧ್ಯಮ ಪುರುಷ. ನಾನು ಉತ್ತಮ ಪುರುಷ. ಇಂಗ್ಲಿಷಿನಲ್ಲಿ ಎಣಿಕೆ ತಿರುಗುಮುರುಗು. ಅಲ್ಲಿ ‘ನಾನು’ ಫಸ್ಟ್ ಪರ್ಸನ್, ‘ಅವನು’ ಥರ್ಡ್ ಪರ್ಸನ್. ಬೆಳಿಗ್ಗೆ ಕನ್ನಡ ತರಗತಿಯಲ್ಲಿ ‘ಅವನು’ ಪ್ರಥಮ ಎಂದು ಕಲಿತ ಹುಡುಗ ಮಧ್ಯಾಹ್ನ ‘ಥರ್ಡ್ ಪರ್ಸನ್‌ಗೆ ಎಸ್ ಹಚ್ಚಿ’ ಎಂಬ ಮಾತು ಕೇಳಿ ‘ಐ ಗೋಸ್’ ಎಂದು ಬರೆದರೆ ಅವನನ್ನು ದೂರುವುದು ಹೇಗೆ? ಎಣಿಕೆಯ ಹೆಸರನ್ನು ಬಿಟ್ಟು ‘ಹಿ, ಶಿ, ಇಟ್’ ಎಂದು ಮೂರು ಪದಗಳನ್ನೇ ಹೇಳಿಕೊಡಿ.

ಎರಡನೆಯದು ಎಸ್ ಅಕ್ಷರದ ಎರಡು ಮುಖ. ಹೆಸರಿಗೆ ಅಂಟಿದರೆ ಬಹುವಚನ, ಕ್ರಿಯಾಪದಕ್ಕೆ ಅಂಟಿದರೆ ಏಕವಚನ. ‘ಹುಡುಗರು ಓಡುತ್ತಾರೆ’ ಎನ್ನುವಾಗ ನಮ್ಮಲ್ಲಿ ‘ರು’ ಮತ್ತು ‘ರೆ’ ಒಂದಕ್ಕೊಂದು ದನಿಗೂಡಿಸುತ್ತವೆ. ಆ ರೂಢಿಯ ಕಿವಿಗೆ ‘ದ ಬಾಯ್ಸ್ ರನ್ಸ್’ ಎಂಬುದೇ ಇಂಪಾಗಿ ಕೇಳುತ್ತದೆ. ನಾನು ಕರಿಹಲಗೆಯ ಮೇಲೆ ಒಂದೇ ಒಂದು ಎಸ್ ಬರೆದು, ‘ಇದು ಕರ್ತೃವಿನ ಮನೆಯಲ್ಲಾದರೂ ಇರಲಿ, ಕ್ರಿಯಾಪದದ ಮನೆಯಲ್ಲಾದರೂ ಇರಲಿ, ಎರಡೂ ಕಡೆ ಒಟ್ಟಿಗೆ ಇರದು’ ಎನ್ನುತ್ತೇನೆ: ‘ದ ಬಾಯ್ ರನ್ಸ್’, ‘ದ ಬಾಯ್ಸ್ ರನ್’. ‘ಚಿಲ್ಡ್ರನ್’, ‘ಬಸ್’ ಮುಂತಾದ ಕಡೆ ಈ ಲೆಕ್ಕ ನಡೆಯುವುದಿಲ್ಲ ನಿಜ. ಆದರೂ ಕಲಿಕೆಯ ಮೊದಲ ತಿಂಗಳು ದಾಟಿಸಲು ಇದು ಸಾಕು.

ಕಿವಿಯ ದೋಷವೋ, ವ್ಯಾಕರಣದ ದೋಷವೋ

ಎಸ್ ಬಿಟ್ಟುಹೋಗಿದೆ ಎಂದ ಕೂಡಲೇ ವ್ಯಾಕರಣ ಬಾರದು ಎಂದು ತೀರ್ಮಾನಿಸಬೇಡಿ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ‘ಗೋಸ್’, ‘ಪ್ಲೇಸ್’, ‘ಕಮ್ಸ್’ ಬರುವ ಮೂರು ವಾಕ್ಯಗಳನ್ನೂ ‘ಆಸ್ಕ್ಸ್’, ‘ಹೆಲ್ಪ್ಸ್’, ‘ವರ್ಕ್ಸ್’ ಬರುವ ಮೂರು ವಾಕ್ಯಗಳನ್ನೂ ಉಕ್ತಲೇಖನ ಕೊಡಿ. ಮೊದಲ ಮೂರು ಸರಿಯಾಗಿದ್ದು ಕೊನೆಯ ಮೂರರಲ್ಲಿ ಮಾತ್ರ ಎಸ್ ಮಾಯವಾಗಿದ್ದರೆ ದೋಷ ಕಿವಿಯಲ್ಲಿದೆ. ನಮ್ಮ ಮಾತು ಸ್ವರದಲ್ಲಿ ಮುಗಿಯುತ್ತದೆ. ಬಸ್ ನಮ್ಮ ಬಾಯಲ್ಲಿ ಬಸ್ಸು, ಬ್ಯಾಂಕ್ ಬ್ಯಾಂಕು. ವ್ಯಂಜನಗಳ ರಾಶಿಯ ತುದಿಯಲ್ಲಿ ಸಿಕ್ಕಿಕೊಂಡ ಎಸ್ ಮಗುವಿನ ಕಿವಿಗೆ ಬಿದ್ದೇ ಇರುವುದಿಲ್ಲ.

ಇದಕ್ಕೆ ದುರಸ್ತಿ ನಮ್ಮ ಸಂಧಿಯಲ್ಲೇ ಇದೆ. ಕ್ರಿಯಾಪದದ ಮುಂದೆ ಸ್ವರದಿಂದ ಶುರುವಾಗುವ ಪದ ಇಟ್ಟು ಗಟ್ಟಿಯಾಗಿ ಹೇಳಿಸಿ: ‘ಹಿ ಹೆಲ್ಪ್ಸ್ ಅಸ್’, ‘ಶಿ ವರ್ಕ್ಸ್ ಇನ್ ದ ಮಿಲ್’. ಎಸ್ ಮುಂದಿನ ಸ್ವರವನ್ನು ಹಿಡಿದುಕೊಂಡು ‘ವರ್ಕ್ಸಿನ್’ ಎಂದು ಹೊರಗೆ ಬರುತ್ತದೆ. ದಿನಕ್ಕೆ ಹತ್ತು ನಿಮಿಷದಂತೆ ಹೇಳಿಸಿದರೆ ಕಿವಿ ತೆರೆಯುತ್ತದೆ.

ಆರು ವಾಕ್ಯದಲ್ಲೂ ಎಸ್ ಇಲ್ಲದಿದ್ದರೆ ಮುಂದಕ್ಕೆ ಹುಡುಕಬೇಕು.

ಬೇಕು, ಗೊತ್ತು, ಇಷ್ಟ, ಇಲ್ಲ

ನಾನು ತಿದ್ದಿದ ಪುಸ್ತಕಗಳಲ್ಲಿ ಎಸ್ ಬಿಟ್ಟುಹೋಗುವ ಜಾಗಗಳನ್ನು ಗುರುತು ಮಾಡುತ್ತಾ ಹೋದಾಗ ಕೆಲವೇ ಕ್ರಿಯಾಪದಗಳು ಮತ್ತೆ ಮತ್ತೆ ಕಂಡವು: ‘ವಾಂಟ್’, ‘ನೋ’, ‘ಲೈಕ್’, ‘ನೀಡ್’, ‘ಹ್ಯಾವ್’. ‘ಶಿ ಗೋಸ್’ ಎಂದು ಸರಿಯಾಗಿ ಬರೆದ ಹುಡುಗನೇ ಮುಂದಿನ ಸಾಲಿನಲ್ಲಿ ‘ಶಿ ವಾಂಟ್’ ಎಂದು ಬರೆದಿರುತ್ತಾನೆ. ಕನ್ನಡ ಕೇಳಿ ನೋಡಿ, ಕಾರಣ ಸಿಗುತ್ತದೆ. ನನಗೆ ಬೇಕು, ಅವಳಿಗೆ ಬೇಕು, ಅವರಿಗೆ ಬೇಕು. ನನಗೆ ಗೊತ್ತು, ಅವನಿಗೆ ಗೊತ್ತು. ಇವು ಯಾರಿಗಾಗಿಯೂ ರೂಪ ಬದಲಿಸದ ಪದಗಳು. ಒಳಗಿನ ಕನ್ನಡ ಪದ ಅಲುಗಾಡದೆ ನಿಂತಿರುವಾಗ ಹೊರಗಿನ ಇಂಗ್ಲಿಷ್ ಪದಕ್ಕೆ ಬಾಲ ಬೆಳೆಯಬೇಕು ಎಂದು ಮಗುವಿಗೆ ಹೊಳೆಯುವುದಾದರೂ ಹೇಗೆ?

ನಿಷೇಧದಲ್ಲೂ ಇದೇ ಕತೆ. ಅವನು ಬರುವುದಿಲ್ಲ, ನಾವು ಬರುವುದಿಲ್ಲ, ಹಸುಗಳು ಬರುವುದಿಲ್ಲ. ‘ಇಲ್ಲ’ ಎಲ್ಲರಿಗೂ ಒಂದೇ. ಆದ್ದರಿಂದ ‘ಹಿ ಡೋಂಟ್ ಕಮ್’. ಇಂಥ ಕಡೆ ‘ಥರ್ಡ್ ಪರ್ಸನ್ ನಿಯಮ ಓದಿಕೊಂಡು ಬಾ’ ಎಂದು ಕಳುಹಿಸಿ ಫಲವಿಲ್ಲ, ನಿಯಮ ಅವನಿಗೆ ಗೊತ್ತೇ ಇದೆ. ‘ಕನ್ನಡದಲ್ಲಿ -ಗೆ, -ಇಗೆ ಹಚ್ಚಿ ಹೇಳುವ ಮಾತು ಬಂದಾಗ ಎಚ್ಚರ, ಇಂಗ್ಲಿಷಿನಲ್ಲಿ ಅವನೇ ಕರ್ತೃವಾಗಿಬಿಡುತ್ತಾನೆ’ ಎಂದು ಹೇಳಿ. ‘ಅವಳಿಗೆ’ ಎಂಬುದನ್ನು ಹೊಡೆದು ‘ಶಿ’ ಎಂದು ಬರೆಸಿ, ಅದರ ಕೆಳಗೆ ಗೆರೆ ಎಳೆಸಿ, ಗೆರೆಯ ತುದಿಯನ್ನು ‘ವಾಂಟ್ಸ್’ ಎಂಬುದರ ಎಸ್‌ಗೆ ಕೂಡಿಸಿ. ಈ ಗೆರೆ ಎಳೆಯುವ ಕೆಲಸ ಕೈಯಿಂದಲೇ ಆಗಬೇಕು, ಬಾಯಿಮಾತಿಗೆ ಇದು ನಿಲ್ಲುವುದಿಲ್ಲ.

ಭಾರ ಯಾವ ತುದಿಯಲ್ಲಿದೆ

ಎಲ್ಲಕ್ಕಿಂತ ಆಳದ ದೋಷ ಇದು. ಪದವಿ ಓದಿದವರೂ ಅರ್ಜಿ ಬರೆಯುವಾಗ ಇಲ್ಲೇ ಜಾರುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

‘ಭತ್ತದ ಚೀಲಗಳ ಲೆಕ್ಕ ತಪ್ಪಾಗಿದೆ.’ ಮಿಲ್ಲಿನಲ್ಲಿ ದಿನಾ ಕೇಳುವ ಮಾತು. ತಪ್ಪಾದದ್ದು ಯಾವುದು? ಲೆಕ್ಕ. ಆ ಪದ ಎಲ್ಲಿದೆ? ಕ್ರಿಯಾಪದಕ್ಕೆ ಅಂಟಿಕೊಂಡೇ ಇದೆ. ಭತ್ತ, ಚೀಲ ಎಲ್ಲ ಷಷ್ಠಿ ವಿಭಕ್ತಿ ಹಚ್ಚಿಕೊಂಡು ಮುಂಚೆಯೇ ಬಂದು ಪಕ್ಕಕ್ಕೆ ನಿಂತಿವೆ. ಕನ್ನಡದಲ್ಲಿ ವಿವರಣೆ ಮೊದಲು, ಮುಖ್ಯ ಪದ ಕೊನೆಗೆ. ಹಾಗಾಗಿ ಕ್ರಿಯಾಪದದ ಹತ್ತಿರವಿರುವ ಹೆಸರನ್ನು ನೋಡಿ ಹೊಂದಿಸುವುದು ನಮ್ಮಲ್ಲಿ ಒಳ್ಳೆಯ ಅಭ್ಯಾಸ.

ಈಗ ಇಂಗ್ಲಿಷ್: ‘ದ ಕೌಂಟ್ ಆಫ್ ದ ಪ್ಯಾಡಿ ಬ್ಯಾಗ್ಸ್ ಈಸ್ ರಾಂಗ್.’ ಮುಖ್ಯ ಪದ ‘ಕೌಂಟ್’ ಮೊದಲೇ ಬಂದುಹೋಯಿತು. ‘ಬ್ಯಾಗ್ಸ್’ ನಡುವೆ ನುಗ್ಗಿ ಕ್ರಿಯಾಪದದ ಮಗ್ಗುಲಿಗೆ ಕುಳಿತಿತು. ಕನ್ನಡದ ಅಭ್ಯಾಸ ‘ಹತ್ತಿರದ್ದನ್ನು ನೋಡು’ ಎನ್ನುತ್ತದೆ, ಕೈ ‘ಆರ್’ ಎಂದು ಬರೆಯುತ್ತದೆ.

ಇದಕ್ಕೆ ನಾನು ಕಲಿಸುವುದು ಬೆರಳಿನ ಪರೀಕ್ಷೆ. ‘ಆಫ್’, ‘ಇನ್’, ‘ವಿತ್’, ‘ಫ್ರಂ’ ಇಂಥ ಪದ ಕಂಡರೆ ಅದರಿಂದ ಕ್ರಿಯಾಪದದವರೆಗಿನ ಭಾಗವನ್ನು ಬೆರಳಿನಿಂದ ಮುಚ್ಚಬೇಕು. ‘ದ ಕೌಂಟ್ … ಈಸ್ ರಾಂಗ್.’ ಉಳಿದದ್ದನ್ನು ಗಟ್ಟಿಯಾಗಿ ಓದಬೇಕು.

ನಮ್ಮ ಭಾಗದವರು ಮರೆಯದ ಒಂದು ಘಟನೆಯಿಂದ ಇದನ್ನು ಅಭ್ಯಾಸ ಮಾಡಿಸುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಅಣೆಕಟ್ಟೆಗಿರುವುದು ಒಟ್ಟು 33 ಗೇಟು. ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಅರ್ಧ ತರಗತಿ ‘ಒನ್ ಆಫ್ ದ ತರ್ಟಿ ತ್ರೀ ಗೇಟ್ಸ್ ವರ್ ವಾಷ್ಡ್ ಅವೇ’ ಎಂದು ಬರೆಯುತ್ತದೆ. ಬೆರಳಿಟ್ಟು ಮುಚ್ಚಿಸುತ್ತೇನೆ. ‘ಒನ್ … ವರ್’ ಎಂದು ಓದುತ್ತಲೇ ಅವರೇ ತಲೆಯೆತ್ತಿ ‘ವಾಸ್’ ಎನ್ನುತ್ತಾರೆ. ಕೊಚ್ಚಿಹೋದದ್ದು ಒಂದು, ಉಳಿದ ಮೂವತ್ತೆರಡು ನಿಂತೇ ಇದ್ದವು. ಹಾಗೆಂದು ‘ಗೇಟ್ಸ್’ ಎಂಬುದರ ಎಸ್ ಕಿತ್ತುಹಾಕಬಾರದು. ‘ಒನ್ ಆಫ್’ ಆದಮೇಲೆ ಬರುವ ಹೆಸರು ಬಹುವಚನದಲ್ಲೇ ಇರಬೇಕು. ಗುಂಪಿದ್ದರೆ ತಾನೆ ಅದರಿಂದ ಒಂದನ್ನು ಆರಿಸುವುದು?

ಕ್ರಿಯಾಪದಗಳ ಸಾಲಿನಲ್ಲೂ ಇದೇ ತಿರುವು ಇದೆ. ‘ಕೆಲಸ ಮಾಡುತ್ತಾ ಬಂದಿದ್ದಾಳೆ’ ಎನ್ನುವಾಗ ‘ಆಕೆ’ ಎಂಬ ಗುರುತು ಕೊನೆಯ ತುದಿಯಲ್ಲಿದೆ. ‘ಶಿ ಹ್ಯಾಸ್ ಬೀನ್ ವರ್ಕಿಂಗ್’ ಎನ್ನುವಾಗ ಮೊದಲ ತುದಿಯಲ್ಲಿದೆ. ‘ಡಸ್ ಶಿ ಗೋಸ್’ ಎಂಬ ತಪ್ಪಿನ ಬೇರು ಇಲ್ಲೇ ಇದೆ. ‘ಡಸ್’ ಮೊದಲೇ ಬಂದು ಎಸ್ ಅನ್ನು ಕೈಗೆತ್ತಿಕೊಂಡಾಗಿದೆ, ‘ಗೋ’ ಬರಿಗೈಯಲ್ಲಿರಬೇಕು. ಆದರೆ ಮುಖ್ಯ ಕ್ರಿಯೆ ಕೊನೆಯಲ್ಲಿ ಗುರುತು ಹೊತ್ತು ನಿಲ್ಲುವುದನ್ನು ಕೇಳಿ ಬೆಳೆದ ಮಗು ಅದಕ್ಕೂ ಒಂದು ಎಸ್ ಕೊಟ್ಟುಬಿಡುತ್ತದೆ.

ಇದರ ಇನ್ನೊಂದು ರೂಪ ನನಗೆ ಬಹಳ ತಡವಾಗಿ ಹೊಳೆಯಿತು. ಒಬ್ಬ ಹುಡುಗ ತನ್ನ ತಾಯಿಯ ಬಗ್ಗೆ ಬರೆದಿದ್ದ: ‘ಮೈ ಮದರ್ ಗೆಟ್ ಅಪ್ ಅರ್ಲಿ, ಮೇಕ್ ರೊಟ್ಟಿ ಅಂಡ್ ಗೋಸ್ ಟು ದ ಫೀಲ್ಡ್.’ ಕೊನೆಯದಕ್ಕೆ ಮಾತ್ರ ಎಸ್. ಮೇಲ್ನೋಟಕ್ಕೆ ಅಜಾಗರೂಕತೆ. ಕನ್ನಡ ಕೇಳಿದೆ. ‘ನಮ್ಮವ್ವ ನಸುಕಿನಲ್ಲಿ ಎದ್ದು, ರೊಟ್ಟಿ ಮಾಡಿ, ಹೊಲಕ್ಕೆ ಹೋಗುತ್ತಾಳೆ’ ಎಂದ. ಎದ್ದು, ಮಾಡಿ, ಎರಡಕ್ಕೂ ಕರ್ತೃವಿನ ಗುರುತಿಲ್ಲ. ಗುರುತು ಇರುವುದು ‘ಹೋಗುತ್ತಾಳೆ’ ಎಂಬಲ್ಲಿ ಮಾತ್ರ. ಹುಡುಗ ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದ. ಇಂಗ್ಲಿಷಿನಲ್ಲಿ ‘ಅಂಡ್’ ಜೋಡಿಸಿದ ಕ್ರಿಯಾಪದಗಳು ಸರಿಸಮಾನರು, ಒಬ್ಬೊಬ್ಬರಿಗೂ ಎಸ್ ಬೇಕು: ‘ಗೆಟ್ಸ್’, ‘ಮೇಕ್ಸ್’, ‘ಗೋಸ್’. ಒಂದೇ ವಾಕ್ಯದಲ್ಲಿ ಕೊನೆಯ ಕ್ರಿಯಾಪದಕ್ಕಷ್ಟೇ ಎಸ್ ಕಂಡರೆ ಹಿಂದೆ ಮುಂದೆ ನೋಡದೆ ಈ ದೋಷವೆಂದೇ ತಿಳಿಯಿರಿ.

‘ಜೊತೆಗೆ’ ಎಂಬ ವಿಷಯದಲ್ಲಿ ಮಾತ್ರ ಕನ್ನಡ ನಮ್ಮ ಕೈ ಹಿಡಿಯುತ್ತದೆ. ‘ಮೇಸ್ತ್ರಿ ಹಮಾಲರೊಂದಿಗೆ ಬರುತ್ತಾನೆ’ ಎನ್ನುತ್ತೇವೆ, ‘ಬರುತ್ತಾರೆ’ ಎನ್ನುವುದಿಲ್ಲ. ‘ಅಲಾಂಗ್ ವಿತ್’, ‘ಆಸ್ ವೆಲ್ ಆಸ್’ ಬಂದಾಗಲೂ ಮೊದಲ ಹೆಸರಿಗೇ ಕ್ರಿಯಾಪದ ಹೊಂದುತ್ತದೆ. ‘ಈದರ್ … ಆರ್’, ‘ನೈದರ್ … ನಾರ್’ ಬಂದಾಗ ಮಾತ್ರ ಹತ್ತಿರದ ಹೆಸರನ್ನೇ ನೋಡಬೇಕು. ಅಲ್ಲಿ ಬೆರಳಿನ ಪರೀಕ್ಷೆ ಬೇಡ.

ಗೌರವಕ್ಕೆ ಬಹುವಚನ

‘ನಮ್ಮ ಹೆಡ್ ಮಾಸ್ಟರ್ ಬಂದಿದ್ದಾರೆ’ ಎಂಬುದು ‘ಅವರ್ ಹೆಡ್ ಮಾಸ್ಟರ್ ಹ್ಯಾವ್ ಕಮ್’ ಆಗುತ್ತದೆ. ಇದನ್ನು ತಿದ್ದುವಾಗ ಮಕ್ಕಳ ಮುಖದಲ್ಲಿ ಅಳುಕು ಕಾಣುತ್ತದೆ. ‘ಹ್ಯಾಸ್ ಎಂದರೆ ಬಂದಿದ್ದಾನೆ ಎಂದಹಾಗೆ ಆಗುವುದಿಲ್ಲವೇ ಸರ್?’ ಎಂದು ಒಬ್ಬ ಹುಡುಗ ಕೇಳಿಯೇಬಿಟ್ಟ. ಆ ಅಳುಕು ಒಳ್ಳೆಯ ಮನೆತನದ ಗುರುತು, ಅದನ್ನು ಗದರಿಸಿ ಓಡಿಸಬಾರದು. ಇಂಗ್ಲಿಷ್ ಮಾತಿನಲ್ಲಿ ಕ್ರಿಯಾಪದಕ್ಕೆ ಗೌರವ ತೋರಿಸುವ ಕೆಲಸವಿಲ್ಲ, ಎಣಿಸುವ ಕೆಲಸ ಮಾತ್ರ ಇದೆ ಎಂದು ಬಿಡಿಸಿ ಹೇಳಬೇಕು. ಗೌರವ ‘ಸರ್’, ‘ಪ್ಲೀಸ್’, ‘ಮಿಸ್ಟರ್’ಗಳಲ್ಲಿ ಬರುತ್ತದೆ.

ಅವರಲ್ಲೂ ಒಂದು ಕಾಲಕ್ಕೆ ನಮ್ಮ ಹಾಗೆಯೇ ನೀನು–ನೀವು ಇತ್ತು. ‘ದೌ’ ಎಂದರೆ ನೀನು, ‘ಯು’ ನೀವು. ಗೌರವಕ್ಕೆಂದು ಒಬ್ಬರಿಗೂ ‘ಯು’ ಬಳಸುತ್ತಾ ಹೋಗಿ ‘ದೌ’ ದಿನಬಳಕೆಯಿಂದ ಅಳಿಸಿಹೋಯಿತು. ಎದುರಿಗಿರುವವನು ಒಬ್ಬನೇ ಆದರೂ ‘ಯು ಆರ್’, ‘ಯು ವರ್’ ಎನ್ನುವುದು ಅದಕ್ಕೇ. ಇದನ್ನು ಹೇಳಿದ ಮೇಲೆ ‘ಯು ಈಸ್’ ಎಂದು ಬರೆಯುವವರು ಕಡಿಮೆಯಾಗುತ್ತಾರೆ.

‘ಪ್ರತಿಯೊಬ್ಬರೂ ಬಂದಿದ್ದಾರೆ’ ಎಂಬುದೂ ಇದೇ ಜಾತಿಯದು. ‘ಎವ್ರಿವನ್’, ‘ಈಚ್’, ‘ಎವ್ರಿಬಡಿ’ ಇವು ಇಂಗ್ಲಿಷಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಎಣಿಸುವ ಪದಗಳು, ಆದ್ದರಿಂದ ‘ಹ್ಯಾಸ್’. ಪದದ ಬಾಲದಲ್ಲಿರುವ ‘ವನ್’, ‘ಬಡಿ’ಗೆ ಗೆರೆ ಎಳೆಸಿದರೆ ಸಾಕು.

ಎಣಿಸುವುದು, ಅಳೆಯುವುದು

ಮನುಷ್ಯರಲ್ಲದ ವಸ್ತುಗಳನ್ನು ಎಣಿಸುವಾಗ ನಾವು ಬಹುವಚನದ ಬಗ್ಗೆ ಬಿಗಿಯಿಲ್ಲ. ‘ಹತ್ತು ಚೀಲ ಇದೆ’, ‘ಎರಡು ಶಾಸನ ಇದೆ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಇಂಗ್ಲಿಷ್ ಬಿಡುವುದಿಲ್ಲ. ಮಸ್ಕಿಯಲ್ಲಿ ಅಶೋಕನ ಶಾಸನ ಒಂದು, ‘ದೇರ್ ಈಸ್’. ಕೊಪ್ಪಳದಲ್ಲಿ ಗವಿಮಠದ ಬಳಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು, ಎರಡಾದವು: ‘ದೇರ್ ಆರ್’. ‘ದೇರ್’ ಕರ್ತೃವಲ್ಲ, ಕರ್ತೃ ಅದರ ಹಿಂದೆ ಅಡಗಿದೆ.

ಆದರೆ ಒಟ್ಟು ಮೊತ್ತವನ್ನು ಹೇಳುವಾಗ ಇಂಗ್ಲಿಷೂ ನಮ್ಮ ದಾರಿಗೆ ಬರುತ್ತದೆ: ‘ಫೈವ್ ಹಂಡ್ರೆಡ್ ರುಪೀಸ್ ಈಸ್ ಎನಫ್’, ‘ಟ್ವೆಂಟಿ ಕಿಲೋಮೀಟರ್ಸ್ ಈಸ್ ಟೂ ಫಾರ್’. ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’ ಎಸ್ ಹೊತ್ತರೂ ಏಕವಚನ. ‘ಪೊಲೀಸ್’, ‘ಪೀಪಲ್’ ಎಸ್ ಇಲ್ಲದಿದ್ದರೂ ಬಹುವಚನ. ಪೊಲೀಸರು ಬಂದಿದ್ದಾರೆ, ಜನ ಸೇರಿದ್ದಾರೆ ಎನ್ನುವ ನಮಗೆ ಇವು ಸುಲಭ.

ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿ ಹೊರರಾಜ್ಯದ ವ್ಯಾಪಾರಿಗೆ ‘ದ ಜೀನ್ಸ್ ಈಸ್ ರೆಡಿ’ ಎಂದು ಸಂದೇಶ ಕಳುಹಿಸುವ ಮುನ್ನ ನನಗೆ ತೋರಿಸಿದ. ಎರಡು ಕಾಲಿನ ಉಡುಪು ಅವರ ಭಾಷೆಯಲ್ಲಿ ಯಾವಾಗಲೂ ಬಹುವಚನ, ‘ದ ಜೀನ್ಸ್ ಆರ್ ರೆಡಿ’ ಎಂದು ತಿದ್ದಿದೆ. ‘ಎ ಪೇರ್ ಆಫ್ ಜೀನ್ಸ್’ ಎಂದರೆ ಮಾತ್ರ ‘ಈಸ್’, ಏಕೆಂದರೆ ಬೆರಳಿಟ್ಟು ಮುಚ್ಚಿದರೆ ಉಳಿಯುವುದು ‘ಪೇರ್’.

ಎಲ್ಲ ಕಡೆಯೂ ಎಸ್ ಕಂಡರೆ

‘ದೇ ಗೋಸ್’, ‘ಐ ಲೈಕ್ಸ್’, ‘ಶಿ ಕ್ಯಾನ್ ಸಿಂಗ್ಸ್’. ಒಂದೇ ಪುಟದಲ್ಲಿ ಹೀಗೆ ಎಸ್ ಚೆಲ್ಲಾಡಿದ್ದರೆ ಕೆಳಗೆ ಕನ್ನಡ ವಾಕ್ಯ ಹುಡುಕಬೇಡಿ, ಸಿಗುವುದಿಲ್ಲ. ಇದು ಹೆದರಿಕೆಯಿಂದ ಹುಟ್ಟಿದ ದೋಷ. ಎಸ್ ಬಿಟ್ಟಿದ್ದಕ್ಕೆ ಬೈಸಿಕೊಂಡ ಮಗು, ಇದ್ದರೆ ಒಳ್ಳೆಯದು ಎಂದು ಎಲ್ಲದಕ್ಕೂ ಹಚ್ಚುತ್ತಿದೆ. ಕಾರಣ ಹೇಳದೆ ಸುತ್ತಿದ ಕೆಂಪು ಗೆರೆಗಳ ಫಲ ಇದು ಎಂದೇ ನನ್ನ ನಂಬಿಕೆ, ಮತ್ತು ಇದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಂಥ ಮಗುವಿಗೆ ಇನ್ನೊಂದು ನಿಯಮ ಹೇಳಬೇಡಿ. ಒಂದು ವಾರ ಭೂತಕಾಲದಲ್ಲೇ ಬರೆಯಲು ಬಿಡಿ: ನಿನ್ನೆ ಏನಾಯಿತು, ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಏನು ಕಂಡೆ. ಅಲ್ಲಿ ಎಸ್‌ನ ಕಾಟವೇ ಇಲ್ಲ, ‘ವಾಸ್’–‘ವರ್’ ಒಂದನ್ನು ನೋಡಿಕೊಂಡರಾಯಿತು. ಕೈ ಸಡಿಲಾಗುತ್ತದೆ. ಎರಡನೆಯ ವಾರ ತನ್ನ ಬಗ್ಗೆ ಮಾತ್ರ ಬರೆಯಲಿ, ‘ಐ’ ಇಟ್ಟುಕೊಂಡು. ಮೂರನೆಯ ವಾರ ಅದೇ ಬರಹವನ್ನು ತನ್ನ ಅಕ್ಕನ ಬಗ್ಗೆ ಬರೆದಹಾಗೆ ತಿರುಗಿಸಲಿ. ‘ಐ’ ಇದ್ದಲ್ಲೆಲ್ಲ ‘ಶಿ’ ಬಂದಾಗ ಯಾವ ಯಾವ ಪದ ಬದಲಾಗಬೇಕು ಎಂದು ಪೆನ್ಸಿಲಿನಲ್ಲಿ ತಾನೇ ಗುರುತು ಹಾಕಲಿ, ಕೆಂಪು ಪೆನ್ನು ನಿಮ್ಮ ಜೇಬಿನಲ್ಲೇ ಇರಲಿ.